ಎರಡೂ ಒಟ್ಟಿಗೆ ಏಕೆ ಬಂದವು?

ನಿಮ್ಮ ತಮ್ಮನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದಾಗ ಮೆದುಳಿನಲ್ಲಿ ಎವಿಎಂ (ಅಪಧಮನಿ, ಅಭಿಧಮನಿಗಳು ನೇರವಾಗಿ ಹೆಣೆದುಕೊಂಡ ಗಂಟು), ಜೊತೆಗೊಂದು ಅನ್ಯೂರಿಸಂ (ರಕ್ತನಾಳದ ಗೋಡೆಯ ಉಬ್ಬು) ಕಂಡಿದೆ. ಎರಡೆರಡು ಕಾಯಿಲೆ ಹೇಗೆ ಎಂದು ಕೇಳಿದ್ದೀರಿ. ಬಹುಪಾಲು ಮೊದಲನೆಯದರಿಂದಲೇ ಎರಡನೆಯದು ಹುಟ್ಟಿರುತ್ತದೆ.

ಸಾಮಾನ್ಯವಾಗಿ ಅಪಧಮನಿಯ ರಕ್ತ ಅತಿ ಸಣ್ಣ ಲೋಮನಾಳಗಳನ್ನು ಹಾದು, ಒತ್ತಡ ತಗ್ಗಿದ ಮೇಲೆ ಅಭಿಧಮನಿ ಸೇರುತ್ತದೆ. ಎವಿಎಂನಲ್ಲಿ ಆ ನಡುವಿನ ಜಾಲವೇ ಇಲ್ಲ. ತಡೆಯಿಲ್ಲದ ಕಡೆಗೆ ರಕ್ತ ರಭಸದಿಂದ ನುಗ್ಗುತ್ತದೆ. ಗಂಟಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆ ವರ್ಷಗಟ್ಟಲೆ ಆ ಹೊಡೆತ ತಿಂದು, ಹೆಚ್ಚಾಗಿ ಕವಲೊಡೆಯುವಲ್ಲಿ, ಹಳೇ ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. ಕೆಲವರಿಗೆ ಗಂಟಿನೊಳಗೇ ಉಬ್ಬಿರುತ್ತದೆ. ನನಗೆ ಹೆಚ್ಚು ಆತಂಕ ಅಂಥದ್ದರದ್ದೇ.

ಎವಿಎಂನಿಂದ ರಕ್ತಸ್ರಾವವಾಗುವ ಸಾಧ್ಯತೆ ವರ್ಷಕ್ಕೆ ಸರಾಸರಿ ಶೇ. 2ರಿಂದ 4. ಅನ್ಯೂರಿಸಂ ಜೊತೆಗಿದ್ದರೆ ಅದು ಏರಬಹುದು. ಉಬ್ಬು ನಿಖರವಾಗಿ ಎಲ್ಲಿದೆ ಎಂದು ತಿಳಿಯಲು ಎಂಆರ್‌ಐ ಸಾಲದು, ಡಿಎಸ್‌ಎ ಆಂಜಿಯೋಗ್ರಾಂ ಮಾಡಿಸಿ. ಗಂಟಿಗೆ ಚಿಕಿತ್ಸೆಯಾಗಿ ಹರಿವು ತಗ್ಗಿದರೆ ಹತ್ತಿರದ ಉಬ್ಬುಗಳು ತಾವಾಗಿ ಕುಗ್ಗುವುದುಂಟು. ದೂರದವು ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

ಗಾಮಾ ನೈಫ್ ವಿಕಿರಣ ಚಿಕಿತ್ಸೆಯ ಬಗ್ಗೆ ಕೇಳಿದ್ದೀರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. ಆದರೆ ಗಂಟು ಮುಚ್ಚಲು 2–3 ವರ್ಷ ಬೇಕು, ಅಲ್ಲಿಯವರೆಗೂ ಅಪಾಯ ಉಳಿದೇ ಇರುತ್ತದೆ. ಆದ್ದರಿಂದ ಕೆಲವೊಮ್ಮೆ ಮೊದಲು ಅನ್ಯೂರಿಸಂಗೆ ಕಾಯಿಲ್ (ಸಣ್ಣ ಲೋಹದ ಸುರುಳಿ) ಹಾಕುತ್ತಾರೆ. ನಿಮ್ಮ ನರಶಸ್ತ್ರತಜ್ಞರನ್ನು ಇದನ್ನೇ ನೇರವಾಗಿ ಕೇಳಿ.

ಫಿಟ್ಸ್ ಮಾತ್ರೆ ತಪ್ಪಿಸುವುದು ಬೇಡ. ಸಿಗರೇಟಂತೂ ಇವತ್ತೇ ನಿಲ್ಲಲಿ. ಹಠಾತ್ತನೆ ಹಿಂದೆಂದೂ ಬಾರದಂಥ ತಲೆನೋವು ಬಂದರೆ ಮಾತ್ರೆ ನುಂಗಿಸಿ ಮಲಗಿಸದೆ, ತಕ್ಷಣ 108ಕ್ಕೆ ಕರೆ ಮಾಡಿ.