ಬಾಡಿಗೆ ಬೇಡವೆಂದ ಗೆಳೆಯನಿಗೆ ಕೊಡುವುದೇನು?

ಕೆಲಸ ಸಿಗುವವರೆಗೆ ಬೆಂಗಳೂರಿನ ದೊಡ್ಡನೆಕ್ಕುಂದಿಯ ಗೆಳೆಯನ ಮನೆಯಲ್ಲಿರುವ ನೀವು, ಅವರು ಬಾಡಿಗೆ ಬೇಡವೆಂದ ಮೇಲೂ ಹಣ ಕೊಡಬೇಕೇ ಎಂದು ಕೇಳಿದ್ದೀರಿ. ಬಾಡಿಗೆಯ ಮಾತು ಬಿಡಿ. ನೀವಿಲ್ಲದಿದ್ದರೂ ಅವರು ಅಷ್ಟೇ ಕಟ್ಟುತ್ತಿದ್ದರು. ನಿಮ್ಮಿಂದಾಗಿ ಹೆಚ್ಚಾಗುವ ಖರ್ಚು ಮಾತ್ರ ಬೇರೆ. ಕರೆಂಟನ್ನೇ ನೋಡಿ. 2023ರಲ್ಲಿ ಬಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ತಿಂಗಳ ಸರಾಸರಿ ಬಳಕೆಗಿಂತ ತುಸು ಹೆಚ್ಚಿನಷ್ಟು ಯೂನಿಟ್ ಉಚಿತ. ಅದನ್ನು ಮೀರಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಒಬ್ಬರೇ ಇದ್ದಾಗ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಹಗಲೆಲ್ಲ ಫ್ಯಾನು, ಲ್ಯಾಪ್‌ಟಾಪು, ಇನ್ನೊಂದು ಸ್ನಾನದ ಗೀಸರು ಸೇರಿದರೆ ಉಚಿತದ ಮಿತಿ ದಾಟುವುದು ಕಷ್ಟವೇನಲ್ಲ. ನೀರೂ ಪುಕ್ಕಟೆಯಲ್ಲ: 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿದ ಮೇಲೂ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಇತ್ತು.

ಸ್ನೇಹದಲ್ಲಿ ಲೆಕ್ಕವೇ ಎನ್ನಬಹುದು. ಅದಕ್ಕೇ ನಗದು ಕೊಡಬೇಡಿ ಎನ್ನುತ್ತೇನೆ. ಕೈಗೆ ದುಡ್ಡು ಕೊಟ್ಟರೆ ದಾಕ್ಷಿಣ್ಯಕ್ಕಾದರೂ ಅವರು ಬೇಡವೆನ್ನಲೇಬೇಕು. ಸಿಲಿಂಡರು ಬಂದಾಗ ನೀವೇ ದುಡ್ಡು ಕೊಟ್ಟರೆ, ತಿಂಗಳ ದಿನಸಿ ತಂದಿಟ್ಟರೆ ಆ ಮುಜುಗರವಿಲ್ಲ. ಸಂಬಳವಿಲ್ಲದವನು ಎಲ್ಲಿಂದ ತರಲಿ ಎಂಬ ಆಕ್ಷೇಪ ನ್ಯಾಯವೇ. ಹಾಗಿದ್ದರೆ ಅಡುಗೆ, ಪಾತ್ರೆ ನಿಮ್ಮ ಪಾಲಿಗಿರಲಿ (ಅದನ್ನು ಉಪಕಾರವೆಂದು ಹೇಳಿಕೊಳ್ಳಬೇಡಿ). ಆದರೂ ಗೆಳೆಯನಿಗೆ ಹಣಕ್ಕಿಂತ ಭಾರವಾಗುವುದು ನೀವು ಯಾವಾಗ ಹೊರಡುತ್ತೀರೆಂದು ಗೊತ್ತಿಲ್ಲದಿರುವುದು. ಮನೆಮಾಲೀಕರಿಗೂ ವಿಷಯ ತಿಳಿದಿರಲಿ. ಕರಾರಿನಲ್ಲಿ ಇನ್ನೊಬ್ಬರು ಇರಬಾರದೆಂದಿದ್ದರೆ ಮಾತು ಕೇಳಬೇಕಾದವರು ನಿಮ್ಮ ಗೆಳೆಯ. ಗೆಳೆಯನಿಗಂತೂ, ಕೆಲಸ ಸಿಗಲಿ, ಬಿಡಲಿ, ಇಂಥ ತಿಂಗಳ ಕೊನೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆಂದು ಈ ವಾರವೇ ಹೇಳಿಬಿಡಿ.