ಕೊಂಡದ್ದೋ, ಎರವಲೋ? : ಸಿ.ಡಿ.ಯ ಆಟ ಮತ್ತು ಇಳಿಸಿಕೊಂಡ ಆಟ

'ಕೊಳ್' ಎಂಬ ಧಾತುವಿಗೆ ಹಳಗನ್ನಡದಲ್ಲಿ 'ತೆಗೆದುಕೊ', 'ಸ್ವೀಕರಿಸು', 'ವಶಮಾಡಿಕೊ' ಎಂಬ ಅರ್ಥಗಳಿವೆ. ಹಣ ತೆತ್ತು ಪಡೆಯುವುದು ಅದರ ಒಂದು ಕವಲು ಮಾತ್ರ. ಒಬ್ಬನು ಕೊಡುತ್ತಾನೆ, ಇನ್ನೊಬ್ಬನು ಕೊಳ್ಳುತ್ತಾನೆ. ವಸ್ತು ಒಂದು ಕೈಯಿಂದ ಮತ್ತೊಂದು ಕೈಗೆ ದಾಟುತ್ತದೆ. ದಾಟಿದ ಮೇಲೆ ಅದು ಕೊಂಡವನ ಒಡವೆ. ಒಡೆಯ, ಒಡೆತನ, ಒಡವೆ ಈ ಮೂರೂ ಒಂದೇ ಮೂಲದಿಂದ ಬಂದ ಮಾತುಗಳೆಂಬುದು ವಿದ್ಯಾರ್ಥಿಗಳಿಗೆ ಪಾಠದಲ್ಲಿ ತಿಳಿದೇ ಇದೆ.

ಈ ಪದವಿಚಾರವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಇಂದಿನ ಹುಡುಗರು ಫೋನಿನಲ್ಲಿಯೋ ಗಣಕಯಂತ್ರದಲ್ಲಿಯೋ ಟಿ.ವಿ.ಗೆ ಜೋಡಿಸಿದ ಪೆಟ್ಟಿಗೆಯಲ್ಲಿಯೋ ಆಡುವ ವಿಡಿಯೊ ಆಟಗಳನ್ನು 'ಇಳಿಸಿಕೊಂಡೆ' ಎನ್ನುತ್ತಾರೆ. ಇಲ್ಲಿಯೂ 'ಕೊಳ್' ಇದೆ. ಆದರೆ ವ್ಯಾಕರಣದ ರೀತಿಯಿಂದ ಅದು ಸಹಾಯಕ ಕ್ರಿಯಾಪದ ಮಾತ್ರ; 'ತನಗಾಗಿ' ಎಂಬಷ್ಟನ್ನೇ ಸೂಚಿಸುತ್ತದೆ. ವಶಮಾಡಿಕೊಳ್ಳುವ ಅರ್ಥ ಅಲ್ಲಿ ಸವೆದುಹೋಗಿದೆ. ವ್ಯವಹಾರದಲ್ಲಿಯೂ ಹಾಗೆಯೇ ಆಗಿದೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಕನ್ನಡ ಪಂಡಿತನಿಗೇಕೆ ವಿಡಿಯೊ ಆಟದ ಗೊಡವೆ ಎಂದು ಹಳೆಯ ವಿದ್ಯಾರ್ಥಿಗಳು ನಗಬಹುದು. ಗ್ರಂಥ ಉಳಿಯುವುದು ಹೇಗೆ, ಅಳಿಯುವುದು ಹೇಗೆ ಎಂಬುದು ನಮ್ಮ ಶಾಸ್ತ್ರದ ಪ್ರಶ್ನೆಯೇ ಆಗಿದೆ. ಆಟವೂ ಈಗ ಒಂದು ಬಗೆಯ ಗ್ರಂಥವಾಗಿರುವುದರಿಂದ ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಪಂಡಿತರು 'ಸಾಂದ್ರಮುದ್ರಿಕೆ' ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ಸಿ.ಡಿ.ಯೇ. ಹನ್ನೆರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಬಿಲ್ಲೆ; ಅದರ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಸಾಲು; ಆ ಸಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು. ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ತೆಳುಲೇಪ. ಲೇಸರ್ ಕಿರಣ ಆ ಕುಳಿಗಳನ್ನು ಓದುತ್ತದೆ. ಕಂಟದಿಂದ ಕೊರೆದ ಓಲೆಗರಿಗೂ ಇದಕ್ಕೂ ತತ್ತ್ವದಲ್ಲಿ ಬಹಳ ಅಂತರವಿಲ್ಲ. ಎರಡೂ ತಗ್ಗು ಮಾಡಿ ಬರೆದವೇ. ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್, ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್, ಎರಡು ಪದರದ ಬ್ಲೂ-ರೇಯಲ್ಲಿ 50 ಗಿಗಾಬೈಟ್ ಹಿಡಿಯುತ್ತದೆ. ಬಿಲ್ಲೆಯನ್ನು ಅಂಗಡಿಯಲ್ಲಿ ಕೊಂಡರೆ ಅದು ನಿಜವಾದ ಅರ್ಥದಲ್ಲಿ ಕೊಂಡದ್ದು. ಗೆಳೆಯನಿಗೆ ಎರವಲು ಕೊಡಬಹುದು, ಆಡಿ ಮುಗಿದ ಮೇಲೆ ಅರ್ಧ ಬೆಲೆಗೆ ಮಾರಬಹುದು, ತಮ್ಮನಿಗೆ ಬಿಟ್ಟುಹೋಗಬಹುದು. ಅಲ್ಪ ಆದಾಯದ ಮನೆಯ ಹುಡುಗನಿಗೆ ಇದು ಸಣ್ಣ ಸೌಕರ್ಯವೇನೂ ಅಲ್ಲ.

ಇಳಿಸಿಕೊಂಡ ಆಟದ ಸಂಗತಿ ಬೇರೆ. ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಾವಿನ ತೋಪನ್ನು ವ್ಯಾಪಾರಿ ಗುತ್ತಿಗೆಗೆ ಹಿಡಿಯುತ್ತಾನೆ. ಆ ಋತುವಿನ ಫಸಲು ಅವನದು. ಮರ ಅವನದಲ್ಲ, ನೆಲ ಅವನದಲ್ಲ. ಅವಧಿ ಮುಗಿದ ಮೇಲೆ ತೋಪಿನ ಬೇಲಿ ದಾಟಿದರೆ ಅವನು ಅನ್ಯನೇ. ಇಳಿಸಿಕೊಂಡ ಆಟವೂ ಇಂಥ ಗುತ್ತಿಗೆಯೇ. ವ್ಯತ್ಯಾಸವೆಂದರೆ, ಮಾವಿನ ವ್ಯಾಪಾರಿಗೆ ತನ್ನ ಅವಧಿ ಯಾವಾಗ ಮುಗಿಯುವುದೆಂದು ಗೊತ್ತಿರುತ್ತದೆ. ಆಟ ಇಳಿಸಿಕೊಂಡ ಹುಡುಗನಿಗೆ ಗೊತ್ತಿರುವುದಿಲ್ಲ. 'ಕೊಳ್ಳಿರಿ' ಎಂದು ಬರೆದ ಗುಂಡಿಯನ್ನು ಒತ್ತಿದವನು ತಾನು ಕೊಂಡೆನೆಂದೇ ತಿಳಿದಿರುತ್ತಾನೆ. ಈ ಮಾತಿನ ದುರ್ಬಳಕೆಯನ್ನು ಕಾನೂನೇ ಗಮನಿಸಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಶಾಸನವನ್ನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ದೊರೆಯುವುದು ಕೇವಲ ಬಳಕೆಯ ಅನುಮತಿಯಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಪದವನ್ನು ಬಳಸಕೂಡದೆಂದು ಅದರ ತಾತ್ಪರ್ಯ. ಒಂದು ಕ್ರಿಯಾಪದದ ಅರ್ಥವನ್ನು ಕಾಯಲು ಶಾಸನಸಭೆ ಕೂಡಬೇಕಾಯಿತೆಂಬುದು ಭಾಷಾಧ್ಯಾಪಕರಿಗೆ ತುಸು ಸಮಾಧಾನದ ಸಂಗತಿ.

ಈ ಗುತ್ತಿಗೆ ಮುರಿದುಬೀಳುವುದನ್ನು ನಮ್ಮ ಕೋಲಾರ, ಮಾಲೂರು, ಮುಳಬಾಗಿಲುಗಳ ಮಕ್ಕಳೇ ಕಂಡಿದ್ದಾರೆ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಪಬ್ಜಿ ಮೊಬೈಲ್ ಒಂದು. ಅಕ್ಟೋಬರ್ 30ರಂದು ಅದರ ಸೇವೆ ಇಲ್ಲಿ ಪೂರ್ತಿ ನಿಂತಿತು. ನಿಷೇಧದ ಯುಕ್ತಾಯುಕ್ತತೆ ನಮ್ಮ ವಿಷಯವಲ್ಲ. ಆಟದೊಳಗಿನ ಉಡುಗೆ ಆಯುಧಗಳಿಗೆ ಹಣ ತೆತ್ತಿದ್ದವರ ಫೋನಿನಲ್ಲಿ ಆ ಆಟದ ಚಿಹ್ನೆ ಮಾತ್ರ ಉಳಿದಿತ್ತು, ಆಟ ಉಳಿದಿರಲಿಲ್ಲ ಎಂಬುದಷ್ಟೇ ಇಲ್ಲಿ ಪ್ರಸ್ತುತ. ಆ ಫೋನುಗಳ ಪೈಕಿ ಐಫೋನನ್ನು ಜೋಡಿಸುವ ದೊಡ್ಡ ಕಾರ್ಖಾನೆ ಕೋಲಾರ ತಾಲ್ಲೂಕಿನ ನರಸಾಪುರದಲ್ಲೇ ಇದೆ. 2020ರಲ್ಲಿ ವಿಸ್ಟ್ರಾನ್ ಸಂಸ್ಥೆ ಅಲ್ಲಿ ಕೆಲಸ ಆರಂಭಿಸಿತು, 2023ರಲ್ಲಿ ಅದು ಟಾಟಾ ಸಮೂಹದ ಕೈ ಸೇರಿತು. ಪಾತ್ರೆ ನಮ್ಮ ಊರಿನಲ್ಲಿ ಸಿದ್ಧವಾಗುತ್ತದೆ. ಪಾತ್ರೆಯೊಳಗಿನ ಪದಾರ್ಥದ ಬೀಗದಕೈ ಎಲ್ಲಿಯೋ ಇದೆ.

ಜನಪ್ರಿಯ ಆಟಕ್ಕೆ ಇಂಥ ಆಪತ್ತು ಬಂದರೂ ಅದು ಮತ್ತೊಂದು ಹೆಸರಿನಿಂದ ತಿರುಗಿ ಬಂದೀತು, ಪಬ್ಜಿಯೂ ಬಂದಿತು. ಕೆಲವೇ ಜನ ಆಡುವ, ಕೆಲವೇ ಜನಕ್ಕೆ ಪ್ರಿಯವಾದ ಸಣ್ಣ ಆಟಗಳ ಗತಿ ಏನು? 2023ರ ಮಾರ್ಚ್ 27ರಂದು ಜಪಾನಿನ ನಿಂಟೆಂಡೊ ಸಂಸ್ಥೆ ತನ್ನ 3ಡಿಎಸ್ ಮತ್ತು ವೀ ಯು ಎಂಬ ಯಂತ್ರಗಳ ಆಟದಂಗಡಿಯನ್ನು ಮುಚ್ಚಿತು. ಎಂದೂ ಬಿಲ್ಲೆಯಾಗಿ ಅಚ್ಚಾಗದ ಅನೇಕ ಸಣ್ಣ ಆಟಗಳು ಅಂದಿನಿಂದ ಆ ಯಂತ್ರಗಳಿಗಾಗಿ ಹೊಸಬರಿಗೆ ಸಿಗದಾದವು. ಅದೇ ವರ್ಷ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನವನ್ನು ಪ್ರಕಟಿಸಿತು. 2010ಕ್ಕೆ ಮೊದಲು ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟದಲ್ಲಿಲ್ಲವೆಂದು ಅದರಿಂದ ತಿಳಿಯುತ್ತದೆ. ಇಷ್ಟು ಹೊಸ ವಿದ್ಯೆ ಇಷ್ಟು ಬೇಗ ಜೀರ್ಣವಾದುದು ಆಶ್ಚರ್ಯ.

ಇಲ್ಲಿ ನಮ್ಮ ಸಾಹಿತ್ಯಚರಿತ್ರೆಯ ಒಂದು ನಿದರ್ಶನವನ್ನು ನೆನೆಯದಿರಲಾಗದು. ಫ. ಗು. ಹಳಕಟ್ಟಿಯವರು ವಚನಗಳನ್ನು ಸಂಗ್ರಹಿಸಲು ಹೊರಟಾಗ ಅವು ಯಾವ ಒಂದು ಭಂಡಾರದಲ್ಲಿಯೂ ಒಟ್ಟಾಗಿರಲಿಲ್ಲ. ಮಠಗಳಲ್ಲಿ, ಮನೆಗಳ ಜಗಲಿಗಳ ಮೇಲೆ, ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತಿದ್ದ ಕಟ್ಟುಗಳಲ್ಲಿ ಹರಿದು ಹಂಚಿದ್ದವು. ಹಲವರು ಅವನ್ನು ಓದುತ್ತಿರಲಿಲ್ಲ, ಆದರೂ ಬಿಸಾಡಿರಲಿಲ್ಲ. ಆ ಕಟ್ಟುಗಳಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಪ್ರತಿಗಳು ನೂರಾರು ಕೈಗಳಲ್ಲಿ ಇದ್ದುದರಿಂದ ಒಂದೆಡೆ ಗೆದ್ದಲು ತಿಂದರೂ ಮತ್ತೊಂದೆಡೆ ಉಳಿದಿತ್ತು. ಎಲ್ಲ ವಚನಗಳೂ ಒಬ್ಬನೇ ವರ್ತಕನ ಕೋಣೆಯಲ್ಲಿದ್ದು, ಅವನು ಪ್ರತಿದಿನ ಬೇಕಾದವರಿಗೆ ಓದಿ ಹೇಳುತ್ತಿದ್ದನೆಂದು ಊಹಿಸೋಣ. ಅವನು ಅಂಗಡಿ ಮುಚ್ಚಿದ ದಿನ ಏನಾಗುತ್ತಿತ್ತು?

ಹಾಗೆಂದು ಇಳಿಸಿಕೊಳ್ಳುವ ಪದ್ಧತಿಯನ್ನು ಹಳಿಯುವುದು ನ್ಯಾಯವಲ್ಲ. ಬಿಲ್ಲೆ ಅಚ್ಚುಹಾಕಿಸಲು ಮೊದಲೇ ಸಾವಿರಾರು ಪ್ರತಿಗಳಿಗೆ ಹಣ ಹೂಡಬೇಕು, ಪೆಟ್ಟಿಗೆ ಬೇಕು, ಸಾಗಣೆ ಬೇಕು, ಅಂಗಡಿಯವನ ಪಾಲು ಬೇಕು. ನಾಲ್ಕಾರು ಜನರ ಸಣ್ಣ ತಂಡಕ್ಕೆ ಇದು ಎಟುಕದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ಪುರಾಣದ ದೇವಾಸುರರ ಹಿನ್ನೆಲೆಯಲ್ಲಿ ರಚಿಸಿದ 'ರಾಜಿ' ಎಂಬ ಆಟ 2020ರಲ್ಲಿ ಪ್ರಪಂಚಕ್ಕೆ ತಲುಪಿದುದು ಈ ದಾರಿಯಿಂದಲೇ. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುವ 'ವೆಣ್ಬಾ' ಎಂಬ ಆಟ 2023ರಲ್ಲಿ ಬಂದಿತು. ಇಂಥ ಕಥೆಗೆ ಬಂಡವಾಳ ಹಾಕುವ ಬಿಲ್ಲೆ ವರ್ತಕರು ಹಿಂದಿನ ಕಾಲದಲ್ಲಿ ಸಿಗುತ್ತಿದ್ದರೆ? ನನಗೆ ಸಂದೇಹ. ನಾಳೆ ಕನ್ನಡದಲ್ಲಿ ಒಂದು ಒಳ್ಳೆಯ ಆಟ ಹುಟ್ಟಿದರೆ ಅದೂ ಮೊದಲು ಹೀಗೆಯೇ ಬಂದೀತು.

ಆದರೆ ಗ್ರಾಮಾಂತರದ ಲೆಕ್ಕವೊಂದನ್ನು ಪಟ್ಟಣದವರು ಮರೆಯುತ್ತಾರೆ. ದೊಡ್ಡ ಆಟಗಳು ಈಗ 100 ಗಿಗಾಬೈಟ್ ತೂಗುತ್ತವೆ. ದಿನಕ್ಕೆ 2 ಗಿಗಾಬೈಟ್ ಸಿಗುವ ಫೋನಿನ ಕರಾರಿನಲ್ಲಿ ಅದನ್ನು ಇಳಿಸಲು, ಬೇರೇನನ್ನೂ ನೋಡದಿದ್ದರೂ, ಐವತ್ತು ದಿನ ಹಿಡಿಯುತ್ತದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಚೀಲದೊಳಗೆ ಬಂದ ಬಿಲ್ಲೆ ಅದೇ ಸಂಜೆ ಮುಳಬಾಗಿಲು ತಲುಪುತ್ತದೆ.

ಬಿಲ್ಲೆಯೆಂದ ಮಾತ್ರಕ್ಕೆ ನಂಬುವಂತೆಯೂ ಇಲ್ಲ. ಉಬಿಸಾಫ್ಟ್ ಸಂಸ್ಥೆಯ 'ದ ಕ್ರ್ಯೂ' ಎಂಬ ಕಾರೋಟದ ಆಟ 2014ರಲ್ಲಿ ಬಿಲ್ಲೆಯಾಗಿಯೇ ಮಾರಾಟವಾಯಿತು. ಆದರೆ ಅದನ್ನು ಆಡಲು ಸಂಸ್ಥೆಯ ದೂರದ ಗಣಕದ ಸಂಪರ್ಕ ಸದಾ ಇರಬೇಕಿತ್ತು. 2024ರ ಮಾರ್ಚ್ 31ರಂದು ಆ ಗಣಕವನ್ನು ನಿಲ್ಲಿಸಿದರು. ಮನೆಮನೆಯ ಬಿಲ್ಲೆಗಳು ಊಟದ ತಟ್ಟೆಯಷ್ಟೂ ಉಪಯೋಗವಿಲ್ಲದವಾದವು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಯಂತ್ರಕ್ಕೆ ಮಾರುವ ಕೆಲವು ಚೀಟಿಗಳಲ್ಲಂತೂ ಆಟವೇ ಇರುವುದಿಲ್ಲ. ಬೀಗದಕೈ ಮಾತ್ರ ಇರುತ್ತದೆ. ಆಟವನ್ನು ಮತ್ತೆ ಇಳಿಸಿಕೊಳ್ಳಬೇಕು. ಇದನ್ನು ನಾನು ಒಪ್ಪಲಾರೆ. ಹೊದಿಕೆಯನ್ನು ಮಾರಿ ಪುಸ್ತಕವನ್ನು ವಾಚನಾಲಯದಲ್ಲಿ ಓದಿಕೊ ಎಂದಂತೆ ಇದು. ಇದಕ್ಕೆ ಪ್ರತಿಯಾಗಿ, ಜಿ.ಓ.ಜಿ. ಎಂಬ ಅಂಗಡಿ 2008ರಿಂದ ಬೀಗವಿಲ್ಲದ ಕಡತಗಳನ್ನು ಮಾರುತ್ತಿದೆ. ಇಳಿಸಿಕೊಂಡವನು ತನ್ನ ಪೆಟ್ಟಿಗೆಯಲ್ಲಿ ನಕಲು ಇಟ್ಟುಕೊಂಡರೆ ಅಂಗಡಿ ಮುಚ್ಚಿದರೂ ಆಟ ಮುಚ್ಚುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬಿಲ್ಲೆಯೋ ಇಳಿಕೆಯೋ ಎಂಬುದಲ್ಲ; ಕೈಗೆ ಬಂದ ಪ್ರತಿ ತನ್ನಷ್ಟಕ್ಕೆ ತಾನು ಪೂರ್ಣವೋ ಅಲ್ಲವೋ ಎಂಬುದು.

ಪ್ರತಿ ಪೂರ್ಣವಾಗಿದ್ದರೂ ಓದುವ ಯಂತ್ರವೂ ವಿದ್ಯೆಯೂ ಜೊತೆಗಿರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಗಂಜೀಫ ಮೊದಲಾದ ಆಟಗಳ ವಿವರಗಳಿವೆ. ಆ ಎಲೆಗಳನ್ನು ಕೈಯಲ್ಲಿ ಹಿಡಿದು ಆಡಬಲ್ಲವರು ಇಂದು ವಿರಳ. ಇತ್ತೀಚಿನ ಕನ್ನಡದ ಉದಾಹರಣೆ ಇನ್ನೂ ಹತ್ತಿರದ್ದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳ ಗಣಕ ಕಲಿಕಾ ಕೇಂದ್ರಗಳಿಗಾಗಿ ಆಟದ ರೂಪದ ಪಾಠಗಳ ಸಿ.ಡಿ.ಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ತಂದಿತು. ಕನ್ನಡದಲ್ಲಿ ಮಾತನಾಡುವ, ಕನ್ನಡದಲ್ಲಿ ಪ್ರಶ್ನೆ ಕೇಳುವ ಗಣಕದ ಆಟವನ್ನು ನಮ್ಮ ಎಷ್ಟೋ ಹಳ್ಳಿಯ ಮಕ್ಕಳು ಮೊದಲು ಕಂಡದ್ದು ಅಂಥ ಬಿಲ್ಲೆಗಳಲ್ಲಿ. ಇಂದು ಹೊಸ ಗಣಕಗಳಲ್ಲಿ ಸಿ.ಡಿ. ಇಡುವ ಬಾಯಿಯೇ ಇಲ್ಲ. ಆ ಕಾಲದ ಎಷ್ಟೋ ಕಲಿಕೆಯ ಆಟಗಳಿಗೆ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಮಂಗಳ ಹಾಡಿತು. ಆದರೂ ನಿರಾಶೆಗೆ ಕಾರಣವಿಲ್ಲ. ಹಳೆಯ ಯಂತ್ರದ ನಡೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ. ಬಿಲ್ಲೆಯೊಂದು ಉಳಿದಿರಬೇಕು, ಅಷ್ಟೆ.

ಉಳಿಸುವ ಕ್ರಮವನ್ನು ಅಧ್ಯಾಪಕರ ಉಪಯೋಗಕ್ಕಾಗಿ ಹೇಳತಕ್ಕದ್ದಿದೆ. ಸಿ.ಡಿ.ಯ ಹೊಳೆಯುವ ಮುಖವನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಹೆಸರು ಬರೆದ ಮುಖವನ್ನು ಅಲಕ್ಷಿಸುತ್ತಾರೆ. ವಾಸ್ತವವಾಗಿ ಅಕ್ಷರ ಹೊತ್ತ ಲೋಹದ ಪದರ ಇರುವುದು ಹೆಸರಿನ ಮುಖದ ಕೆಳಗೇ, ತೀರ ತೆಳುವಾದ ಅರಗಿನ ಆಶ್ರಯದಲ್ಲಿ. ಅಲ್ಲಿ ಮೊನಚು ಪೆನ್ನಿನಿಂದ ಬರೆಯುವುದೂ, ಚೀಟಿ ಅಂಟಿಸಿ ಕೀಳುವುದೂ ಘಾತಕ. ಬಿಲ್ಲೆಯನ್ನು ಅಂಚು ಹಿಡಿದು ಎತ್ತಬೇಕು, ನೆಟ್ಟಗೆ ನಿಲ್ಲಿಸಿ ಇಡಬೇಕು. ಬಿಸಿಲು ಮತ್ತು ತೇವದಿಂದ ದೂರವಿರಬೇಕು. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಾಗಿ ಅಲ್ಲ. ಮನೆಯಲ್ಲಿ ಬರೆದುಕೊಂಡ ಬಿಲ್ಲೆಗಳಲ್ಲಿ ಕುಳಿಯ ಬದಲು ಬಣ್ಣದ ಲೇಪವಿರುವುದರಿಂದ ಅವು ಇನ್ನೂ ಬೇಗ ಮಾಸುತ್ತವೆ. ಅವುಗಳ ಕೆಲಸ ಮೊದಲು. ನಮ್ಮ ಹಕ್ಕುಸ್ವಾಮ್ಯ ಅಧಿನಿಯಮ, 1957ರ 52ನೆಯ ಪ್ರಕರಣವು, ನ್ಯಾಯವಾಗಿ ಪ್ರತಿಯನ್ನು ಹೊಂದಿದವನು ನಷ್ಟದಿಂದ ರಕ್ಷಣೆಗಾಗಿ ಗಣಕ ಕ್ರಮವಿಧಿಯ ನಕಲು ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಹಂಚಲು, ಮಾರಲು ಕೊಟ್ಟಿಲ್ಲ. ಈ ಗೆರೆಯನ್ನು ಶಾಲೆ ದಾಟಕೂಡದು.

ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಅಂಗಡಿಯ ಹಿಂದಿನ ಗೂಡಿನಲ್ಲಿ ಕನ್ನಡದ ಕಲಿಕೆಯ ಸಿ.ಡಿ., ಹಳೆಯ ಆಟದ ಬಿಲ್ಲೆ, ಟಿ.ವಿ. ಆಟದ ಕ್ಯಾಸೆಟ್ಟು ಇದ್ದರೆ ಗುಜರಿಗೆ ಹಾಕುವ ಮುನ್ನ ಶಾಲೆಯ ಗ್ರಂಥಾಲಯಕ್ಕೆ ತೋರಿಸಬೇಕು. ಸಿ.ಡಿ. ಓದುವ ಹಳೆಯ ಗಣಕವೊಂದು ನಡೆಯುವ ಸ್ಥಿತಿಯಲ್ಲಿದ್ದರೆ ಹಣದ ದಾನಕ್ಕಿಂತ ಅದು ಈಗ ಹೆಚ್ಚು ಬೇಕಾದದ್ದು. ಬಿಲ್ಲೆಯ ಜೊತೆಗೆ ಬಂದ ಕಾಗದದ ಹೊದಿಕೆಯನ್ನೂ ಕೈಪಿಡಿಯನ್ನೂ ಬೇರ್ಪಡಿಸಬಾರದು. ಕೈಪಿಡಿಯ ಅಂಚಿನಲ್ಲಿ ಯಾರಾದರೂ ಬಾಲ್ಯದಲ್ಲಿ ಪೆನ್ಸಿಲಿನಿಂದ ಗೆಲ್ಲುವ ಉಪಾಯಗಳನ್ನು ಬರೆದಿದ್ದರೆ ನಾಚಿ ಅಳಿಸಬಾರದು. ಓಲೆಗರಿಯ ಅಂಚಿನ ಟಿಪ್ಪಣಿಯನ್ನು ಸಂಪಾದಕನು ಹೇಗೆ ಗುರುತು ಹಾಕಿಕೊಳ್ಳುತ್ತಾನೋ ಹಾಗೆಯೇ ಅದನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಲಾಗುವುದು.