ನಿದ್ದೆ ಮಾಡುತ್ತಲೇ ನದಿ ಕಾಯುವ ಯಂತ್ರ

ಮಕ್ಕಳೇ, ನಿಮ್ಮ ಊರಿನಲ್ಲಿ ಒಂದು ಹನಿ ಮಳೆಯೂ ಬಿದ್ದಿಲ್ಲ. ಆಕಾಶದಲ್ಲಿ ನಕ್ಷತ್ರಗಳು ಕಾಣುತ್ತಿವೆ. ಊಟ ಮುಗಿಸಿ ಎಲ್ಲರೂ ಮಲಗಿದ್ದೀರಿ. ಅಂತಹ ರಾತ್ರಿಯಲ್ಲಿ ನದಿಯ ನೀರು ಮನೆಯೊಳಗೆ ನುಗ್ಗಲು ಸಾಧ್ಯವೇ?

ಸಾಧ್ಯ. ಅಸ್ಸಾಂ ರಾಜ್ಯದ ಧೇಮಾಜಿ ಜಿಲ್ಲೆಯಲ್ಲಿ ಜಿಯಾಢಲ್ ಎಂಬ ನದಿ ಇದೆ. ಅದು ಇಳಿದು ಬರುವುದು ಅರುಣಾಚಲ ಪ್ರದೇಶದ ಬೆಟ್ಟಗಳಿಂದ. ಮೇಲೆ ಜೋರು ಮಳೆಯಾದರೆ ಸಾಕು, ಕಡಿದಾದ ಇಳಿಜಾರಿನಲ್ಲಿ ನೀರು ಧುಮುಕಿ, ಕೆಲವೇ ಗಂಟೆಗಳಲ್ಲಿ ಬಯಲಿನ ಹಳ್ಳಿಗಳನ್ನು ತಲುಪುತ್ತದೆ. ಇದು ದಿಢೀರ್ ನೆರೆ. (ನೆರೆಗೆ ‘ಪ್ರವಾಹ’ ಎಂದೂ ಹೇಳುತ್ತೇವೆ. ಆದರೆ ಈ ಪಾಠದಲ್ಲಿ ವಿದ್ಯುತ್ ಪ್ರವಾಹವೂ ಬರುವುದರಿಂದ ಗೊಂದಲ ಬೇಡವೆಂದು ನಾನು ‘ನೆರೆ’ ಎಂದೇ ಬರೆಯುತ್ತೇನೆ.)

ಒಂದು ಗಂಟೆ ಮೊದಲೇ ಗೊತ್ತಾದರೆ ಏನು ಮಾಡಬಹುದು? ಅಜ್ಜ ಅಜ್ಜಿಯನ್ನು ಎತ್ತರದ ಜಾಗಕ್ಕೆ ಕರೆದೊಯ್ಯಬಹುದು. ಕೊಟ್ಟಿಗೆಯ ಹಗ್ಗ ಬಿಚ್ಚಿ ದನಗಳನ್ನು ಹೊಡೆದುಕೊಂಡು ಹೋಗಬಹುದು. ಭತ್ತದ ಚೀಲಗಳನ್ನು, ನಿಮ್ಮ ಪಾಟಿಚೀಲವನ್ನೂ ಅಟ್ಟದ ಮೇಲೆ ಇಡಬಹುದು. ನೀರು ಬಂದ ಮೇಲೆ ಎಚ್ಚರವಾದರೆ ಇದ್ಯಾವುದಕ್ಕೂ ಸಮಯ ಸಿಗದು.

ಸೇತುವೆಯ ಕಂಬದ ಮೇಲೆ ಮೀಟರ್ ಗುರುತು ಬರೆದಿರುವುದನ್ನು ನೀವು ನೋಡಿರಬಹುದು. ಅದನ್ನು ಒಬ್ಬರು ನೋಡಿ ಬರೆದುಕೊಳ್ಳಬೇಕು. ಸುರಿಯುವ ಮಳೆಯಲ್ಲಿ, ನಡುರಾತ್ರಿಯಲ್ಲಿ ಯಾರು ನೋಡುತ್ತಾರೆ? ಅದಕ್ಕೇ ಸಂವೇದಕ ಬೇಕು. ಇಸಿಮೋಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಅಸ್ಸಾಮಿನ ಆರಣ್ಯಕ್ ಸಂಸ್ಥೆಯ ಜೊತೆ ಸೇರಿ ಜಿಯಾಢಲ್ ಮತ್ತು ಸಿಂಗೋರಾ ನದಿಗಳಲ್ಲಿ ಇಂತಹ ಸರಳ ವ್ಯವಸ್ಥೆಯನ್ನು ಅಳವಡಿಸಿತು. ನದಿಯ ದಡದಲ್ಲಿ ಒಂದು ಪ್ರೇಷಕ, ಹತ್ತಿರದ ಮನೆಯೊಂದರಲ್ಲಿ ಒಂದು ಗ್ರಾಹಕ. ನೀರು ಅಪಾಯದ ಮಟ್ಟ ಮುಟ್ಟಿದೊಡನೆ ಸಂವೇದಕಕ್ಕೆ ತಿಳಿಯುತ್ತದೆ. ತಂತಿಯಿಲ್ಲದೆಯೇ ರೇಡಿಯೋ ಅಲೆಯ ಮೂಲಕ ಸಂಕೇತ ಆ ಮನೆಯನ್ನು ತಲುಪುತ್ತದೆ. ಮನೆಯವರು ಕೆಳಗಿನ ಹಳ್ಳಿಗಳಿಗೆ ಮೊಬೈಲಿನಲ್ಲಿ ಸುದ್ದಿ ಕೊಡುತ್ತಾರೆ. 2013ರಲ್ಲಿ ಹೀಗೆ ಸುದ್ದಿ ಸಿಕ್ಕಿದ್ದರಿಂದ ದಿಹಿರಿ ಎಂಬ ಹಳ್ಳಿಯವರು ತಮ್ಮ ಸಾಮಾನು ಸರಂಜಾಮು ಉಳಿಸಿಕೊಂಡರು. 2014ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಹವಾಮಾನ ವಿಭಾಗದಿಂದ ಪ್ರಶಸ್ತಿಯೂ ಬಂತು.

ಈಗ ನಿಜವಾದ ಕಷ್ಟಕ್ಕೆ ಬರೋಣ. ನದಿದಡದಲ್ಲಿ ಕರೆಂಟ್ ಕಂಬ ಇರುವುದಿಲ್ಲ. ಸೌರಫಲಕ ಹಾಕಬಹುದು. ಆದರೆ ನೆರೆ ಬರುವುದು ಮೋಡ ಕವಿದ ದಿನಗಳಲ್ಲೇ! ವಾರಗಟ್ಟಲೆ ಬಿಸಿಲಿಲ್ಲದಿದ್ದರೂ ಯಂತ್ರ ಬದುಕಿರಬೇಕು. ಪೆನ್ನು ಪುಸ್ತಕ ತೆಗೆದುಕೊಳ್ಳಿ, ಲೆಕ್ಕ ಮಾಡೋಣ.

ಬ್ಯಾಟರಿಯ ಸಾಮರ್ಥ್ಯ 2000 ಮಿಲಿಆಂಪಿಯರ್-ಗಂಟೆ ಇರಲಿ. ಎಚ್ಚರವಿರುವಾಗ ಯಂತ್ರವು 20 ಮಿಲಿಆಂಪಿಯರ್ ವಿದ್ಯುತ್ ಬಳಸುತ್ತದೆ ಎಂದುಕೊಳ್ಳೋಣ. 2000 ಭಾಗಿಸು 20, ಅಂದರೆ 100 ಗಂಟೆ. ನಾಲ್ಕು ದಿನ ಕಳೆದು ಸ್ವಲ್ಪ ಹೊತ್ತಿನಲ್ಲೇ ಬ್ಯಾಟರಿ ಖಾಲಿ. ಈಗ ಯಂತ್ರಕ್ಕೆ ನಿದ್ದೆ ಕಲಿಸೋಣ. 10 ನಿಮಿಷಕ್ಕೊಮ್ಮೆ ಎದ್ದು, 6 ಸೆಕೆಂಡಿನಲ್ಲಿ ನೀರಿನ ಮಟ್ಟ ನೋಡಿ, ಮತ್ತೆ ಮಲಗಲಿ. 10 ನಿಮಿಷವೆಂದರೆ 600 ಸೆಕೆಂಡು. ಎಚ್ಚರವಿದ್ದದ್ದು ನೂರರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ 100 ಗಂಟೆ ಬರುತ್ತಿದ್ದ ಬ್ಯಾಟರಿ 10,000 ಗಂಟೆ, ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬರಬೇಕು. ನಿದ್ದೆಯಲ್ಲೂ ಚೂರು ವಿದ್ಯುತ್ ಬೇಕು, ಬ್ಯಾಟರಿ ತಾನಾಗಿಯೂ ಸೊರಗುತ್ತದೆ. ಆದ್ದರಿಂದ ಅಷ್ಟು ಬಾರದು. ಆದರೂ ಒಂದು ಮಳೆಗಾಲ ದಾಟುತ್ತದೆ.

ಅಳೆಯುವುದಕ್ಕಿಂತ ರೇಡಿಯೋದಲ್ಲಿ ಸುದ್ದಿ ಕಳಿಸುವುದಕ್ಕೇ ಸಾಮಾನ್ಯವಾಗಿ ಹೆಚ್ಚು ವಿದ್ಯುತ್ ಬೇಕು. ಹಾಗಾಗಿ ಹೇಳುವಂಥದ್ದು ಇದ್ದಾಗ ಮಾತ್ರ ಮಾತಾಡುವುದು ಲಾಭ. ಇಲ್ಲೊಂದು ಅಪಾಯವಿದೆ, ಯೋಚಿಸಿ. ಯಂತ್ರ ಸುಮ್ಮನಿದೆ ಎಂದರೆ ನದಿ ಶಾಂತವಾಗಿದೆಯೋ, ಯಂತ್ರವೇ ಕೆಟ್ಟಿದೆಯೋ? ದಿನಕ್ಕೆ ಒಂದೆರಡು ಬಾರಿಯಾದರೂ ‘ನಾನಿದ್ದೇನೆ’ ಎಂಬ ಚಿಕ್ಕ ಸಂಕೇತ ಕಳಿಸುವಂತೆ ಮಾಡಿದರೆ ಈ ಅನುಮಾನ ಇರದು. ಹಾಜರಿ ಕೂಗಿದಾಗ ನೀವು ‘ಹಾಜರ್’ ಎನ್ನುವಂತೆ. ಆ ಸಂಕೇತ ಬರಲಿಲ್ಲವೆಂದರೆ ಯಾರಾದರೂ ಹೋಗಿ ನೋಡಲೇಬೇಕು.

ಮಾಡಿ ನೋಡಿ: ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ. ಥರ್ಮೊಕೋಲ್ ತುಂಡಿನ ಮೇಲ್ಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಒಳಗೆ ತೇಲಿಬಿಡಿ. ಎರಡು ಟಾರ್ಚ್ ಸೆಲ್ ಮತ್ತು ಚಿಕ್ಕ ಬಲ್ಬನ್ನು ತಂತಿಯಿಂದ ಜೋಡಿಸಿ. ಮಂಡಲದ ಎರಡು ಬಿಡಿ ತುದಿಗಳನ್ನು, ಒಂದಕ್ಕೊಂದು ತಾಗದಂತೆ, ನೀವು ಗುರುತಿಸಿದ ‘ಅಪಾಯ ಮಟ್ಟ’ದಲ್ಲಿ ಇಳಿಬಿಡಿ. ನಿಧಾನವಾಗಿ ನೀರು ಸುರಿಯಿರಿ. ಥರ್ಮೊಕೋಲ್ ಮೇಲೇರಿ ಹಾಳೆ ಎರಡೂ ತುದಿಗಳಿಗೆ ತಾಗಿದಾಗ ಮಂಡಲ ಪೂರ್ಣವಾಗಿ ಬಲ್ಬು ಹೊತ್ತುತ್ತದೆ. ಅಲ್ಲಿಯವರೆಗೆ ಸೆಲ್ಲಿನಿಂದ ಒಂದಿಷ್ಟೂ ವಿದ್ಯುತ್ ಖರ್ಚಾಗಿಲ್ಲ, ಗಮನಿಸಿದಿರಾ?

ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಇದನ್ನು ತೋರಿಸಲು ಹೋಗಿ ಪೇಚಿಗೆ ಸಿಲುಕಿದೆ. ಥರ್ಮೊಕೋಲ್ ವಾಲಿಕೊಂಡು ಒಂದೇ ತುದಿಗೆ ತಾಗಿತು. ನೀರು ತುಂಬಿ ಮೇಜಿನ ಮೇಲೆಲ್ಲ ಹರಿದರೂ ಬಲ್ಬು ಹೊತ್ತಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಜಿಯಾಢಲ್ ದಡದಲ್ಲಿ ಹೀಗಾಗಿದ್ದರೆ? ಥರ್ಮೊಕೋಲ್ ವಾಲದಂತೆ ಏನು ಮಾಡಬಹುದು ಎಂದು ಗುಂಪಿನಲ್ಲಿ ಚರ್ಚಿಸಿ, ಮೂರು ಉಪಾಯಗಳನ್ನು ಮಾಡಿ ನೋಡಿ. ಯಾವುದು ಹತ್ತು ಸಲದಲ್ಲಿ ಹತ್ತು ಸಲವೂ ಕೆಲಸ ಮಾಡಿತು ಎಂಬುದನ್ನು ಬರೆದಿಡಿ.